ಕಣ್ಣು ನೋಡುವವನು ಕುಡಿದ ಚಹಾ

ಮೇಲೆ ಒಂದೇ ಒಂದು ದೊಡ್ಡ ಅಕ್ಷರ, ರ. ಅದರ ಕೆಳಗೆ ಗ, ದ. ಅದರ ಕೆಳಗೆ ಪ, ಲ, ತ. ಹೀಗೆ ಸಣ್ಣದಾಗುತ್ತ ಹೋಗಿ ಕೊನೆಯ ಸಾಲಿಗೆ ಬಂದರೆ ಇರುವೆ ಗಾತ್ರದ ಎಂಟು ಅಕ್ಷರಗಳು. ಇಪ್ಪತ್ತೇಳು ವರ್ಷದಿಂದ ಈ ಬೋರ್ಡನ್ನು ಗೋಡೆಗೆ ತೂಗುಹಾಕಿ ಜನರಿಂದ ಓದಿಸುತ್ತ ಬಂದಿದ್ದೇನೆ. ಒಮ್ಮೆ ಜ್ವರ ಬಂದಾಗ ಇದೇ ಸಾಲುಗಳನ್ನು ಕನವರಿಸುತ್ತಿದ್ದೆನಂತೆ. ಹೆಂಡತಿ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಈಗ ಅವಳೂ ನಗುವುದಿಲ್ಲ, ನನಗೂ ನಗು ಬರುವುದಿಲ್ಲ. ದಣಿವಾಗಿದೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಜನರ ಕಣ್ಣು ತಪಾಸಣೆ ಮಾಡುವವನು. ಡಾಕ್ಟರಲ್ಲ. ಹಳ್ಳಿಯವರು ‘ಕಣ್ಣಿನ ಡಾಕ್ಟ್ರು’ ಅನ್ನುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಇಪ್ಪತ್ತು ಅಡಿ ಅಳೆದು, ಒಂದು ಕಣ್ಣು ಮುಚ್ಚಿಸಿ ಓದಿಸುವುದು, ಚಷ್ಮಾದ ನಂಬರು ಬರೆದುಕೊಡುವುದು, ಪೊರೆ ಬಂದವರನ್ನು ಆಪರೇಶನ್ನಿಗೆ ಕಳಿಸುವುದು, ಇಷ್ಟೇ ನನ್ನ ಕೆಲಸ. ಮನೆ ಹಾನಗಲ್ಲಿನಲ್ಲಿ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆ ಯಾವ ಊರಿನ ಶಾಲೆಯ ಯಾವ ಗೋಡೆಗೆ ಮೊಳೆ ಇದೆ ಎಂಬುದು ನನಗೆ ಗೊತ್ತು. ಒಂದು ಕಡೆ ಹುದ್ದೆ ಖಾಲಿಯಾದರೆ ಇನ್ನೊಂದು ಕಡೆಯವನನ್ನು ಓಡಾಡಿಸುವುದು ನಮ್ಮ ಇಲಾಖೆಯ ಪದ್ಧತಿ. ಆ ಇನ್ನೊಂದು ಕಡೆಯವನು ಯಾವಾಗಲೂ ನಾನೇ ಆಗಿದ್ದೆ.

ಓದಿಸಿ ಮುಗಿದ ಮೇಲೆ ಒಂದು ಭಾಷಣ ಮಾಡಬೇಕು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಶುರು ಮಾಡುತ್ತೇನೆ. ದಿನಾ ಸೊಪ್ಪಿನ ತಪ್ಪಲು ಪಲ್ಯ ತಿನ್ನಿ, ಪಪ್ಪಾಯಿ ತಿನ್ನಿ, ಮಾವಿನ ಕಾಲಕ್ಕೆ ಮಾವು ತಿನ್ನಿ, ಹಿತ್ತಲಲ್ಲಿ ಒಂದು ನುಗ್ಗೆ ಗಿಡ ಇರಲಿ. ಮಕ್ಕಳು ಒಕ್ಕೊರಲಿನಿಂದ ‘ಹೌದ್ರೀ ಸರ್’ ಅನ್ನುತ್ತವೆ, ಹೊರಗೆ ಹೋಗಿ ಪಾಕೀಟಿನ ಕುರುಕಲು ತಿನ್ನುತ್ತವೆ. ರಟ್ಟೀಹಳ್ಳಿಯ ಕಡೆಯ ಒಬ್ಬ ತಾಯಿ ದಪ್ಪ ಚಷ್ಮಾ ಹಾಕಿದ್ದ ಮಗಳನ್ನು ಮುಂದೆ ನಿಲ್ಲಿಸಿ ಕೇಳಿದ್ದಳು: “ಸರ್, ಎಷ್ಟ ಕಿಲೋ ಗಜ್ಜರಿ ತಿನ್ಸಿದ್ರ ಇದು ಬಿಡ್ತೈತ್ರಿ?” ಗಜ್ಜರಿಗೂ, ಅಂದರೆ ಕ್ಯಾರೆಟ್ಟಿಗೂ, ಚಷ್ಮಾದ ನಂಬರಿಗೂ ಸಂಬಂಧವಿಲ್ಲವೆಂದು ಎಷ್ಟು ಸಲ ಹೇಳಲಿ? ಊಟದಿಂದ ಕಣ್ಣಿಗೆ ಪವಾಡವೇನೂ ಆಗುವುದಿಲ್ಲ. ಇದ್ದ ಕಣ್ಣು ಗಟ್ಟಿಯಾಗಿ ಉಳಿಯಲು ಒಳ್ಳೆಯ ಊಟ ಬೇಕು, ಅಷ್ಟೇ. ಕೆಟ್ಟ ರೂಢಿಗಳಿಂದ ಮಾತ್ರ ಖಂಡಿತ ಅನಾಹುತ ಆಗುತ್ತದೆ. ಸಕ್ಕರೆ ಕಾಯಿಲೆ ಹಿಡಿತ ತಪ್ಪಿದರೆ, ರಕ್ತದೊತ್ತಡ ಏರಿದರೆ, ತಂಬಾಕು ಬಿಡದಿದ್ದರೆ ಕಣ್ಣಿನ ಹಿಂದಿನ ನರಗಳು ಸದ್ದಿಲ್ಲದೆ ಹಾಳಾಗುತ್ತವೆ. ನೋವಿಲ್ಲ, ತುರಿಕೆಯಿಲ್ಲ, ಕೆಂಪಾಗುವುದೂ ಇಲ್ಲ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಇದನ್ನೆಲ್ಲ ಹೇಳುವವನ ಊಟ ಹೇಗಿತ್ತು ಎಂದರೆ, ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿಯುವ ಮೊದಲು ಒಂದು ಚಹಾ. ಇಳಿದ ಕಡೆ ಮಂಡಕ್ಕಿ, ಮಿರ್ಚಿ, ಇನ್ನೊಂದು ಚಹಾ. ಮಧ್ಯಾಹ್ನ ಶಾಲೆಯ ಮಾಸ್ತರರ ಒತ್ತಾಯಕ್ಕೆ ಬಿಸಿಯೂಟದ ಅನ್ನ, ಮತ್ತೆ ಅನ್ನ. ಸವಣೂರಿಗೆ ಹೋದ ದಿನ ಅಲ್ಲಿನ ಹೆಸರಾದ ಕರಿದ ಖಾರ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಸ್ಸಿನಲ್ಲೇ ಮುಗಿಸುವುದು. ಹೆಂಡತಿ ಬುತ್ತಿಗೆ ಹಾಕಿದ ಜೋಳದ ರೊಟ್ಟಿ, ಕಾಳು ಪಲ್ಯ ಎಷ್ಟೋ ಸಲ ಹಾಗೇ ಮರಳಿ ಮನೆಗೆ ಬರುತ್ತಿದ್ದವು. ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿ, “ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ” ಅನ್ನುತ್ತಿದ್ದಳು. ನಾನು ಕೈಕಾಲು ತೊಳೆಯಲು ಬಚ್ಚಲಿಗೆ ಹೋಗಿಬಿಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚಿನದು ಮನೆಮನೆಯ ಚಹಾ. ಅದಕ್ಕೆ ಒಂದು ಕಾರಣವಿತ್ತು, ಅಥವಾ ಕಾರಣವಿತ್ತು ಎಂದು ನಾನು ಹೇಳಿಕೊಳ್ಳುತ್ತಿದ್ದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷದ ಬೇಸಿಗೆ. ತಡಸದ ಹತ್ತಿರದ ಒಂದು ಹಳ್ಳಿಯಲ್ಲಿ ಪೊರೆ ಬಂದವರ ಪಟ್ಟಿ ಮಾಡಲು ಮನೆಮನೆ ತಿರುಗುತ್ತಿದ್ದೆ. ಊರ ಅಂಚಿನಲ್ಲಿ ದಲಿತರ ಕೇರಿ. ಅಲ್ಲಿ ಒಂದು ಮನೆಯಲ್ಲಿ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೊಸೆ ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಅತ್ತೆಯ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿ, ನಾನು ಟಾರ್ಚು ಬಿಟ್ಟು ನೋಡಿ ಬರೆದುಕೊಳ್ಳುವಷ್ಟರಲ್ಲಿ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಕಪ್ಪು ಹೊಸದು. ಅದರ ತಳಕ್ಕೆ ಅಂಗಡಿಯವರು ಅಂಟಿಸಿದ ಚೀಟಿ ಇನ್ನೂ ಹಾಗೇ ಇತ್ತು. ನಾನು, “ಬ್ಯಾಡವ್ವಾ, ಹೊಟ್ಟಿ ತುಂಬೈತಿ” ಅಂದೆ. ಆಕೆಯ ಗಂಡ ಬಾಗಿಲಲ್ಲಿ ನಿಂತಿದ್ದ. “ಇರ್ಲಿ, ಒಳಗ ತಗೊಂಡ ಹೋಗ, ನಮ್ಮ ಮನಿ ಚಹಾ ಅವರು ಹೆಂಗ ಕುಡೀತಾರ” ಎಂದ, ನನಗಲ್ಲ, ಅವಳಿಗೆ. ಆಕೆ ಕಪ್ಪನ್ನು ತೆಗೆದುಕೊಂಡು ಒಳಗೆ ಹೋದಳು.

ನಮ್ಮದು ಹಾನಗಲ್ಲಿನ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಲಿಂಗಾಯತ ಮನೆ. ಆತ ಯಾಕೆ ಹಾಗೆ ಅಂದನೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಪ್ರಸಂಗವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ‘ನಿಜವಾಗಿಯೂ ಹೊಟ್ಟೆ ತುಂಬಿತ್ತು, ಅವರು ಬೇರೆಯೇ ತಿಳಿದುಕೊಂಡರು’ ಎಂದು ಹೇಳಿ ಪ್ರತಿ ಸಲವೂ ಇಲ್ಲಿಗೇ ನಿಲ್ಲಿಸುತ್ತೇನೆ.

ಮುಂದಿನ ತಿಂಗಳು ಅತ್ತೆಯನ್ನು ಆಪರೇಶನ್ನಿಗೆ ಕರೆದೊಯ್ಯಲು ಹೋದಾಗ ನಾನಾಗಿಯೇ, “ಯಕ್ಕಾ, ಒಂದ ಕಪ್ ಚಹಾ ಕೊಡ” ಅಂದೆ. ಆಕೆ ಒಂದು ಗಳಿಗೆ ನನ್ನ ಮುಖ ನೋಡಿ ಒಳಗೆ ಹೋದಳು. ಬಂದ ಚಹಾ ಪಾಕದ ಹಾಗೆ ಸಿಹಿಯಾಗಿತ್ತು. ಕುಡಿದು ಇನ್ನೊಂದು ಅರ್ಧ ಕಪ್ಪು ಕೇಳಿದೆ. ಅಂದಿನಿಂದ ಯಾವ ಜಾತಿಯ, ಯಾವ ಧರ್ಮದ ಮನೆಯಲ್ಲೂ ಯಾರು ಚಹಾ ಕೊಟ್ಟರೂ ಬೇಡ ಅನ್ನಬಾರದು ಎಂದು ನೇಮ ಮಾಡಿಕೊಂಡೆ. ನನ್ನ ಬದುಕಿನಲ್ಲಿ ತಪ್ಪದೆ ನಡೆಸಿದ ನೇಮ ಇದೊಂದೇ. ದಿನಕ್ಕೆ ಹತ್ತು ಚಹಾ, ಹನ್ನೆರಡು ಚಹಾ. ಪಂಚಮಿ ಬಂದರೆ ಉಂಡಿ, ಹೋಳಿ ಹುಣ್ಣಿಮೆಗೆ ಹೋಳಿಗೆ, ರಂಜಾನಿಗೆ ಸವಣೂರಿನ ಮನೆಗಳಲ್ಲಿ ಹಾಲು ಶಾವಿಗೆಯ ಸುರಕುಂಬಾ. ನಲವತ್ಮೂರನೆಯ ವರ್ಷಕ್ಕೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ಬರೆದುಕೊಟ್ಟರು. ನೆನಪಾದರೆ ನುಂಗುತ್ತಿದ್ದೆ. ಚಹಾ ಬಿಡಲಿಲ್ಲ.

ಹೆಂಡತಿಗೆ ನನ್ನ ನೇಮದ ಮಹಿಮೆಯನ್ನು ವಿವರಿಸಿದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. “ಜನರ ಮನಸ್ಸು ನೋಯಿಸಬಾರ್ದು ಅನ್ನೂದು ಖರೇ ಇರಬೌದ್ರಿ. ಆದ್ರ ನಿಮಗ ಚಹಾ ಬೇಕಾಗೈತಿ. ಅದಕ್ಕೊಂದು ದೊಡ್ಡ ಹೆಸರು ಕೊಟ್ಟೀರಿ” ಅಂದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ. ಅವಳ ಮಾತು ಸರಿಯಾಗಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂದಿತ್ತು.

ಎಂಟು ವರ್ಷದ ಹಿಂದೆ ಆ ತಡಸದ ಕಡೆಯ ಅಕ್ಕನಿಗೂ ಅದೇ ಕಾಯಿಲೆ ಬಂತು. ಅಷ್ಟರಲ್ಲಿ ಆಕೆಯ ಅತ್ತೆ, ಗಂಡ ಇಬ್ಬರೂ ತೀರಿಕೊಂಡಿದ್ದರು. ಮಗ ಟ್ರ್ಯಾಕ್ಟರ್ ನಡೆಸುತ್ತಿದ್ದ, ಸೊಸೆ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಕಾಲಿನ ಗಾಯ ಮಾಯಲಿಲ್ಲವೆಂದು ಆಸ್ಪತ್ರೆಗೆ ಬಂದಾಗ ಸಕ್ಕರೆ ಇರುವುದು ಗೊತ್ತಾಗಿ, ಕಣ್ಣು ನೋಡಿಸಲು ನನ್ನ ಹತ್ತಿರ ಕಳಿಸಿದ್ದರು. ಬಾಯಲ್ಲಿ ತಂಬಾಕಿತ್ತು. ನನಗೆ ರೇಗಿ ಹೋಯಿತು.

“ಯಕ್ಕಾ, ಇನ್ನ ಮ್ಯಾಲ ಸಕ್ಕರಿ ಬಂದ್. ತಂಬಾಕ ಬಂದ್. ಅನ್ನ ಒಂದ ಹಿಡಿ, ಜ್ವಾಳದ ರೊಟ್ಟಿ ತಿನ್ನು, ತಪ್ಪಲ ಪಲ್ಯ ತಿನ್ನು, ದಿನಾ ನಡಿ. ಗುಳಿಗಿ ಒಂದಿನಾ ತಪ್ಪಸಬ್ಯಾಡ. ಇಲ್ಲಾಂದ್ರ ಕಣ್ಣು ಹೋಗ್ತಾವ, ಮತ್ತ ನನ್ನ ಮುಂದ ಬಂದು ಅಳಬ್ಯಾಡ” ಎಂದು ಎಲ್ಲರೆದುರು ಬೈದೆ.

ಆಕೆ ಎದ್ದು ಹೊರಗೆ ಹೋಗಿ ತಂಬಾಕು ಉಗುಳಿ, ಬಾಯಿ ತೊಳೆದುಕೊಂಡು ಬಂದಳು. “ನೀವು ಹೇಳಿದ ಮ್ಯಾಲ ಆತ್ರಿ” ಅಂದಳು. ಅಷ್ಟೇ. ಇಂಥ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಯಾರೂ ಬಿಡುವುದಿಲ್ಲ. ಆಕೆ ಬಿಟ್ಟಳು. ಕಳೆ ತೆಗೆಯಲು ಹೋದ ಹೊಲದಿಂದ ಬರುವಾಗ ಉಡಿಯಲ್ಲಿ ಹೊನಗೊನ್ನೆ, ಕಿರಕಸಾಲಿ, ರಾಜಗಿರಿ ಸೊಪ್ಪು ತುಂಬಿಕೊಂಡು ಬರುತ್ತಿದ್ದಳು. ಮಗ ಮೋಟಾರ್ ಸೈಕಲ್ ಮೇಲೆ ಬಿಡುತ್ತೇನೆ ಅಂದರೂ ಹತ್ತದೆ ತಡಸದ ಸಂತೆಗೆ ನಡೆದೇ ಹೋಗುತ್ತಿದ್ದಳು. ವರ್ಷಕ್ಕೊಮ್ಮೆ ತಪ್ಪದೆ ಕಣ್ಣು ತೋರಿಸುತ್ತಿದ್ದಳು. ನಾನು ಆ ಊರಿಗೆ ಹೋದಾಗಲೆಲ್ಲ ಮನೆಗೆ ಕರೆದು ನನಗೆ ಮಾತ್ರ ಅದೇ ಪಾಕದಂಥ ಚಹಾ ಕೊಡುತ್ತಿದ್ದಳು. ತಾನು ಒಳಗೆ ಹೋಗಿ ಕುಡಿಯುತ್ತಿದ್ದಳು. ನನಗೂ ಸಕ್ಕರೆ ಕಾಯಿಲೆ ಇದೆ ಎಂದು ಆಕೆಗೆ ಹೇಳಿರಲಿಲ್ಲ. ಎಲ್ಲರೆದುರು ಬೈದವನು ಯಾವ ಬಾಯಲ್ಲಿ ಹೇಳಲಿ?

ಕಳೆದ ಎರಡು ವರ್ಷದಲ್ಲಿ ನನ್ನ ಕಣ್ಣು ಮಂಜಾಗುತ್ತ ಬಂದದ್ದು ನನಗೆ ಗೊತ್ತಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಗೊತ್ತಾಗಲಿಲ್ಲ ಅನ್ನುವುದಕ್ಕಿಂತ ಗೊತ್ತಾಗದ ಹಾಗೆ ನೋಡಿಕೊಂಡೆ ಅನ್ನಬೇಕು. ಬಸ್ಸಿನ ಬೋರ್ಡು ಓದುವುದನ್ನು ಬಿಟ್ಟು ಕಂಡಕ್ಟರನ ಕೂಗು ಕೇಳಿ ಹತ್ತುವುದು ರೂಢಿಯಾಯಿತು. ಕೂಗು ಸರಿಯಾಗಿ ಕೇಳಿಸದ ಒಂದು ದಿನ ಹಿರೇಕೆರೂರಿಗೆ ಹೋಗಬೇಕಾದವನು ಶಿಗ್ಗಾಂವಿಯ ಬಸ್ಸಿನಲ್ಲಿ ಕೂತು ಊರ ಹೊರಗೆ ಇಳಿದು ನಡೆದು ಬಂದೆ. ಗೊಟಗೋಡಿಯ ಶಿಲ್ಪವನದಲ್ಲಿ ಹಳ್ಳಿ ಜನರ ಗೊಂಬೆಗಳಿವೆಯಲ್ಲ, ಮಕ್ಕಳ ಪ್ರವಾಸದ ಜೊತೆ ಅಲ್ಲಿಗೆ ಹೋದಾಗ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ರುಮಾಲಿನ ಹಿರಿಯರಿಗೆ ‘ಶರಣ್ರೀ’ ಎಂದು ಕೈಮುಗಿದೆ. ಹಿರಿಯರು ಸಿಮೆಂಟಿನವರು. ಮಾಸ್ತರರು ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಅಲ್ಲಿ ಕಣ್ಣು ಚೆನ್ನಾಗಿರುವವರೂ ಮೋಸ ಹೋಗುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಮಿಕ್ಕವರು ದೂರದಿಂದ ಮೋಸ ಹೋಗುತ್ತಾರೆ. ನಾನು ಎರಡು ಮಾರು ಹತ್ತಿರ ನಿಂತಿದ್ದೆ.

ಇನ್ನು ನನ್ನ ಕೆಲಸ. ಅದನ್ನು ಹೇಗೆ ಮಾಡುತ್ತಿದ್ದೆ? ಬೋರ್ಡು ತೂಗುಹಾಕಿದ ಮೇಲೆ ಮೊದಲು ನನ್ನ ಕಣ್ಣನ್ನೇ ನೋಡಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಇಪ್ಪತ್ತು ಅಡಿ ದೂರ ನಿಂತು, ಎಡಗಣ್ಣು ಮುಚ್ಚಿ ಒಮ್ಮೆ, ಬಲಗಣ್ಣು ಮುಚ್ಚಿ ಒಮ್ಮೆ ಕೊನೆಯ ಸಾಲಿನ ತನಕ ಓದುತ್ತಿದ್ದೆ. ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಹೇಗೆ ತಪ್ಪುತ್ತದೆ? ಇಪ್ಪತ್ತೇಳು ವರ್ಷ ದಿನಕ್ಕೆ ಐವತ್ತು ಸಲ ಕೇಳಿದ ಸಾಲುಗಳು. ಓದುತ್ತಿದ್ದದ್ದು ಬಾಯಿ, ಕಣ್ಣಿಗೆ ಕೆಲಸವೇ ಇರಲಿಲ್ಲ. ‘ನನಗೇನೂ ಆಗಿಲ್ಲ’ ಎಂದುಕೊಂಡು ಜನರನ್ನು ಕರೆಯುತ್ತಿದ್ದೆ. ಅವರು ಓದಿದ ಅಕ್ಷರ ಸರಿಯೋ ತಪ್ಪೋ ಎಂದು ಹೇಳಲು ನಾನು ಬೋರ್ಡು ನೋಡಬೇಕಾಗಿರಲಿಲ್ಲ. ಪೆಟ್ಟಿಗೆಯ ಯಾವ ಗೂಡಿನಲ್ಲಿ ಯಾವ ನಂಬರಿನ ಗಾಜಿದೆ ಎಂಬುದು ಬೆರಳಿಗೇ ಗೊತ್ತಿತ್ತು. ಮಸಾಲೆ ಡಬ್ಬಿಗೆ ಕೈ ಹಾಕುವ ಹೆಂಗಸಿನ ಹಾಗೆ ಕೈ ಹಾಕಿ ತೆಗೆಯುತ್ತಿದ್ದೆ.

ನಮ್ಮ ಹತ್ತಿರ ಇನ್ನೊಂದು ಬೋರ್ಡು ಇರುತ್ತದೆ, ಓದು ಬಾರದವರಿಗೆ. ಅದರಲ್ಲಿ ಅಕ್ಷರಗಳಿಲ್ಲ. ಮೂರು ಹಲ್ಲಿನ ಒಂದು ಗುರುತು, ಒಂದು ಕಡೆ ಮೇಲಕ್ಕೆ ತಿರುಗಿದೆ, ಒಂದು ಕಡೆ ಕೆಳಕ್ಕೆ, ಒಂದು ಕಡೆ ಎಡಕ್ಕೆ, ಬಲಕ್ಕೆ. ಬಾಚಣಿಗೆಯ ಹಾಗೆ ಕಾಣುವುದರಿಂದ ನಮ್ಮ ಕಡೆ ಅದಕ್ಕೆ ‘ಹಣಿಗಿ ಬೋರ್ಡು’ ಅನ್ನುತ್ತಾರೆ. ನಾನು ಕೋಲಿನಿಂದ ಒಂದೊಂದನ್ನೇ ತೋರಿಸಬೇಕು. ದೂರ ಕೂತವರು ಮೂರು ಬೆರಳು ಚಾಚಿ, ಹಲ್ಲು ಯಾವ ಕಡೆಗಿವೆ ಎಂದು ಕೈಯಲ್ಲೇ ತೋರಿಸಬೇಕು. ಈಗ ಹೆಚ್ಚಿನವರಿಗೆ ನಾಲ್ಕಕ್ಷರ ಬರುತ್ತದೆ. ಹಣಿಗಿ ಬೋರ್ಡು ಪೆಟ್ಟಿಗೆಯ ತಳ ಸೇರಿ ಬಹಳ ದಿನವಾಗಿತ್ತು.

ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಅಕ್ಕನ ಊರಿನ ಸಮುದಾಯ ಭವನದಲ್ಲಿ ತಪಾಸಣೆ ಇಟ್ಟಿದ್ದೆವು. ಬೆಳಿಗ್ಗೆಯಿಂದ ಐವತ್ತು ಅರವತ್ತು ಮಂದಿಯಾಗಿತ್ತು. ಸೊಂಟ ಬಿದ್ದು ಹೋಗಿತ್ತು. ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋದಾಗ ಅಕ್ಕ ಬಂದಳು. “ನಂದೊಂದು ನೋಡಿಬಿಡ್ರಿ, ಹೊಲಕ್ಕ ಹೋಗಬೇಕು” ಎಂದು ತಾನೇ ಹೋಗಿ ಕುರ್ಚಿಯ ಮೇಲೆ ಕೂತು, ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡಳು. ಆಕೆಗೆ ಓದು ಬಾರದು. ನಾನು ಹಣಿಗಿ ಬೋರ್ಡು ತೆಗೆದು ತೂಗುಹಾಕಿ ಕೋಲು ಹಿಡಿದು ನಿಂತೆ. ಮೊದಲ ಗುರುತು ತೋರಿಸಿದೆ. ಆಕೆ ಕೈ ಎತ್ತಿದಳು.

ಆಕೆ ಕೈ ಎತ್ತಿದ್ದು ನನಗೆ ಕಂಡಿತು. ಬೆರಳು ಕಾಣಲಿಲ್ಲ. ಹಿಂದಿನ ಬಾಗಿಲಿನ ಬೆಳಕಿನಲ್ಲಿ ಆಕೆಯ ಕೈ ಒಂದು ಕಪ್ಪು ಮುದ್ದೆಯಾಗಿತ್ತು. ಅದು ಮೇಲಕ್ಕಿತ್ತೋ ಪಕ್ಕಕ್ಕಿತ್ತೋ ತಿಳಿಯಲಿಲ್ಲ. ಕಣ್ಣುಜ್ಜಿಕೊಂಡೆ. ಎಡಗಣ್ಣಿನಲ್ಲಿ ಕೆಲವು ದಿನದಿಂದ ಜೇಡರ ಬಲೆಯಂಥದು ತೇಲಾಡುತ್ತಿತ್ತು. ಧೂಳೆಂದು ತಿಳಿದಿದ್ದೆ. ಬಾಗಿಲು ಮುಚ್ಚಿ ಬಂದೆ. ಆಗಲೂ ಕಾಣಲಿಲ್ಲ.

“ಯಕ್ಕಾ, ಬಾಯಿಲೆ ಹೇಳ” ಅಂದೆ.

“ಮ್ಯಾಲ” ಅಂದಳು. ಇನ್ನೊಂದು ತೋರಿಸಿದೆ. “ಬಲಕ್ಕ.” ಮತ್ತೊಂದು. ಆಕೆ ಕಣ್ಣಿಂದ ಅಂಗೈ ತೆಗೆದು ನನ್ನನ್ನು ನೋಡಿದಳು.

“ಇಷ್ಟ ವರ್ಷ ಬಾಯಿಲೆ ಹೇಳಿದ್ರ ಬೈತಿದ್ರಿ. ಬೆಳ್ಳ ತೋರ್ಸು ಅಂತಿದ್ರಿ. ಈಗ ಯಾಕ್ರಿ?”

“ಸುಮ್ನ ಹೇಳ, ತಡಾ ಆಗ್ತೈತಿ” ಎಂದು ರೇಗಿದೆ. ನನಗೆ ಸಿಟ್ಟು ಬರುವುದೇ ಹೆದರಿದಾಗ. ಅದು ಹೆಂಡತಿಗೆ ಗೊತ್ತು. ಅಂದು ಆಕೆಗೂ ಗೊತ್ತಾಯಿತು. ಎದ್ದು ಬಂದವಳೇ ನನ್ನ ಕೈಯಿಂದ ಕೋಲು ತೆಗೆದುಕೊಂಡಳು.

“ನೀವು ಹೋಗಿ ಅಲ್ಲಿ ಕುಂತ್ರಿ.”

ನಾನು ಹೋಗಿ ಕೂತೆ. ಯಾಕೆ ಕೂತೆನೋ ಈಗಲೂ ಗೊತ್ತಿಲ್ಲ. ಎಡಗಣ್ಣು ಮುಚ್ಚಿ ನೋಡಿದೆ. ಮೇಲಿನ ಎರಡು ಸಾಲು ಸರಿಯಾಗಿ ತೋರಿಸಿದೆನಂತೆ, ಮೂರನೆಯದರಲ್ಲಿ ಒಂದು ತಪ್ಪಿತು, ಆಮೇಲೆ ಎಲ್ಲ ತಪ್ಪು. ಈ ಬೋರ್ಡು ನನಗೆ ಬಾಯಿಪಾಠವಿರಲಿಲ್ಲ. ಆಮೇಲೆ ಬಲಗಣ್ಣು ಮುಚ್ಚಿಕೊಂಡೆ. ಆಕೆ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ದೊಡ್ಡ ಗುರುತಿನ ಮೇಲೆ ಕೋಲಿಟ್ಟಳು. ಗೋಡೆಯ ಮೇಲೆ ಬೋರ್ಡು ಇದೆ ಎಂಬುದೊಂದೇ ಕಾಣುತ್ತಿತ್ತು. ನನ್ನ ಕೈ ತೊಡೆಯ ಮೇಲೇ ಉಳಿಯಿತು.

ಆಕೆ ಕೋಲನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. “ಹುಬ್ಬಳ್ಳಿಗೆ ಹೋಗ್ರಿ. ನಾಳೆ ಅನಬ್ಯಾಡ್ರಿ. ಇದು ನೀವ ನನಗ ಹೇಳಿದ ಮಾತು” ಅಂದಳು. ಏನಾಗಿದೆ ಎಂದು ಕೇಳಿದಾಗ, ವಯಸ್ಸಾತಲ್ಲ ಯಕ್ಕಾ ಎಂದು ತೇಲಿಸಿದೆ. ಆ ಗಳಿಗೆಯಲ್ಲೂ ಸುಳ್ಳು ಬಿಡಲಿಲ್ಲ.

ಹುಬ್ಬಳ್ಳಿಯಲ್ಲಿ ಕಣ್ಣಿಗೆ ಹನಿ ಹಾಕಿ ಎರಡು ತಾಸು ಕೂರಿಸಿದರು. ನಾನು ಎಷ್ಟು ಜನರನ್ನು ಹೀಗೆ ಕಳಿಸಿದ್ದೇನೋ, ಅವರೆಲ್ಲ ಈ ಬೆಂಚಿನ ಮೇಲೆ ಏನು ಯೋಚಿಸುತ್ತ ಕೂತಿದ್ದರೆಂದು ಅಂದೇ ಮೊದಲ ಸಲ ಯೋಚಿಸಿದೆ. ಡಾಕ್ಟರು ನನ್ನ ಮಗಳ ವಯಸ್ಸಿನವರು. ಎಡಗಣ್ಣಿನ ಒಳಗೆ ರಕ್ತ ಸೋರಿ ಬಹಳ ಹಾನಿಯಾಗಿದೆ, ಬಲಗಣ್ಣಿನ ಪರದೆ ಊದಿಕೊಂಡಿದೆ ಎಂದು ಚಿತ್ರ ತೋರಿಸಿ ಹೇಳಿದರು. ಚಿತ್ರವೂ ಸರಿಯಾಗಿ ಕಾಣಲಿಲ್ಲ.

“ನೀವು ಇದೇ ಕೆಲಸದಲ್ಲಿರುವವರು. ವರ್ಷಕ್ಕೊಮ್ಮೆ ತೋರಿಸಬೇಕಿತ್ತು ಅಂತ ನಿಮಗೆ ಗೊತ್ತಿರಲಿಲ್ಲವಾ?” ಎಂದು ಕೇಳಿದರು. ಪಕ್ಕದಲ್ಲಿದ್ದ ಹೆಂಡತಿ ನನ್ನ ಪರವಾಗಿ ಉತ್ತರ ಕೊಟ್ಟಳು: “ಅವರಿಗೆ ಗೊತ್ತೈತ್ರಿ ಮೇಡಂ. ಮಂದಿಗೆ ಹೇಳಾಕ ಗೊತ್ತೈತಿ.” ಹೊರಗೆ ಬಂದ ಮೇಲೆ ಅವಳು ಅತ್ತಳು. ಅಂದವಳೂ ಅವಳೇ, ಅತ್ತವಳೂ ಅವಳೇ.

ಚುಚ್ಚುಮದ್ದು, ಲೇಸರು, ಮತ್ತೆ ಚುಚ್ಚುಮದ್ದು. ಹೋದ ದೃಷ್ಟಿ ಮರಳಿ ತರುವ ಭರವಸೆ ಕೊಡಲಾಗದು, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಬಲಗಣ್ಣು ಉಳಿಯಬೇಕಾದರೆ ಸಕ್ಕರೆ ಹಿಡಿತದಲ್ಲಿರಬೇಕು. ನಿವೃತ್ತಿಗೆ ಇನ್ನೂ ಆರು ವರ್ಷವಿದೆ. ಬಲಗಣ್ಣು ಹೋದರೆ ಕೆಲಸದ ಮಾತು ಹಾಗಿರಲಿ, ಹಾನಗಲ್ಲಿನ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರಲು ನನಗೊಂದು ಕೈ ಬೇಕಾಗುತ್ತದೆ. ಈಗ ಸಿಹಿ ಇಲ್ಲ, ಕರಿದದ್ದಿಲ್ಲ, ಅನ್ನ ಒಂದು ಹಿಡಿ. ಜೋಳದ ರೊಟ್ಟಿ, ತಪ್ಪಲು, ಮೊಳಕೆ ಕಾಳು, ಮಜ್ಜಿಗೆ. ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ನಡಿಗೆ. ಇದು ಬಹಳ ಒಳ್ಳೆಯ ಜೀವನಕ್ರಮ, ನಾನೇ ಸಾವಿರಾರು ಜನರಿಗೆ ಶಿಫಾರಸು ಮಾಡಿದ್ದೇನೆ. ಮಾಡುವವನಿಗೆ ಮಾತ್ರ ಗೊತ್ತು ಇದೆಷ್ಟು ಬೇಸರದ್ದೆಂದು. ಸಂಜೆ ನಾಲ್ಕಕ್ಕೆ ಚಹಾದ ಹೊತ್ತಿಗೆ ನನಗೆ ಅಳು ಬರುವಷ್ಟು ಸಿಟ್ಟು ಬರುತ್ತದೆ.

ಚಹಾ ಬೇಡ ಅನ್ನುವುದನ್ನು ಐವತ್ನಾಲ್ಕನೆಯ ವಯಸ್ಸಿನಲ್ಲಿ ಕಲಿಯತೊಡಗಿದೆ. ಸವಣೂರಿನಲ್ಲಿ ಒಬ್ಬರು, “ಯಾಕ್ರೀ ಸಾಹೇಬ್ರ, ನಮ್ಮ ಮ್ಯಾಲ ನಾರಾಜ್ ಆಗೀರೇನು?” ಅಂದರು. ಹಿರೇಕೆರೂರಿನ ಕಡೆ ಒಬ್ಬ ಗೌಡರು, “ಒಂದ ಕಪ್ಪಿಗೆ ಏನಾಗ್ತೈತಿ ಬಿಡ್ರಿ” ಎಂದು ಕೈಗೇ ತುರುಕಿದರು. ಎಲ್ಲ ಕಡೆಯೂ ಹೇಗೋ ತಪ್ಪಿಸಿಕೊಂಡೆ. ಒಂದು ಮನೆಗೆ ಮಾತ್ರ ಐದು ತಿಂಗಳು ಹೋಗಲೇ ಇಲ್ಲ. ಬೇರೆ ಯಾರ ಮನೆಯಲ್ಲಿ ಬೇಡವೆಂದರೂ ನಡೆಯುತ್ತದೆ, ಅಲ್ಲಿ ಆ ಮಾತನ್ನು ಎರಡನೆಯ ಸಲ ಹೇಗೆ ಆಡಲಿ ಎಂದು.

ಕಡೆಗೆ ಈ ಬೇಸಿಗೆಯಲ್ಲಿ ಹೋದೆ. ಮಧ್ಯಾಹ್ನ ಮೂರರ ಹೊತ್ತು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಅಕ್ಕ ಕಟ್ಟೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ಪೋಣಿಸಿ ಗಂಟು ಹಾಕಿದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ.

“ಬರ್ರಿ ಡಾಕ್ಟ್ರ, ಬಾಳ ದಿನಾ ಆತು. ಕುಂತ್ರಿ, ಚಹಾ ಇಡ್ತೇನಿ.”

ಬಸ್ಸಿನಲ್ಲಿ ಬರುವಾಗ ನಾಲ್ಕು ಥರದ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ. “ಬ್ಯಾಡ ಯಕ್ಕಾ” ಎಂದಷ್ಟೇ ಬಂತು.

ಒಳಗೆ ಹೊರಟವಳು ಹೊಸ್ತಿಲಲ್ಲಿ ನಿಂತಳು. ತಿರುಗಲಿಲ್ಲ. ನಾನು ಗಡಬಡಿಸಿ ಹೇಳಿಬಿಟ್ಟೆ: “ನನಗೂ ಸಕ್ಕರಿ ಬ್ಯಾನಿ ಐತಿ. ಹನ್ನೊಂದು ವರ್ಷ ಆತು. ಕಣ್ಣು ಹೋಗಿದ್ದು ಅದರಿಂದನ.”

ಆಕೆ ಒಳಗೆ ಹೋದಳು. ಗೂ‍ಡಿನಿಂದ ಏನೋ ಇಳಿಸಿದ ಸದ್ದಾಯಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು. ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟಳು. ಅರ್ಧ ಡಬ್ಬಿ ಸಕ್ಕರೆ.

“ಈ ಮನ್ಯಾಗ ನಾ ಸಕ್ಕರಿ ಮುಟ್ಟಿ ಎಂಟ ವರ್ಷ ಆತ್ರಿ. ಮಗಾ ಸೊಸಿ ಬೆಲ್ಲದ ಚಹಾ ಕುಡೀತಾರ. ಈ ಡಬ್ಬಿ ನಿಮಗಂತ ಇಟ್ಟಿದ್ದು. ನೀವು ಬಂದಾಗೊಮ್ಮೆ ನಾಲ್ಕ ಚಮಚ ಹಾಕ್ತಿದ್ದೆ. ಕಡಿಮಿ ಹಾಕಿದ್ರ ಏನ ತಿಳ್ಕೋತಾರೋ, ಇವರ ಮನಿ ಚಹಾ ಇಷ್ಟೇನ ಅಂತಾರೋ ಅಂತ.” ಆಕೆ ಡಬ್ಬಿಯನ್ನು ನನ್ನತ್ತ ಸರಿಸಿದಳು. “ಒಂದ ಮಾತು ಹೇಳಬಾರದಾಗಿತ್ತೇನ್ರಿ? ನನ್ನ ಕೈಯಾರ ನಿಮ್ಮ ಕಣ್ಣು ಕಳದೆ ನೋಡ್ರಿ.”

ಆಕೆ ಇದನ್ನು ಹೊತ್ತುಕೊಳ್ಳುವುದನ್ನು ಮಾತ್ರ ನಾನು ಸಹಿಸದಾದೆ. ಅದಕ್ಕೇ, ಯಾರಿಗೂ ಹೇಳದೆ ನಿಲ್ಲಿಸುತ್ತಿದ್ದ ಕಡೆಯಿಂದ ಮುಂದಕ್ಕೆ ಹೇಳಿದೆ.

“ನಿಂದೇನೂ ತಪ್ಪಿಲ್ಲ ಯಕ್ಕಾ. ಮೊದಲ ಸಲ ಬಂದಾಗ ಹೊಟ್ಟಿ ತುಂಬೈತಿ ಅಂದಿದ್ದೆ. ಅದು ಸುಳ್ಳ. ಇಲ್ಲಿಂದ ಎದ್ದು ಹೋಗಿ, ಅರ್ಧ ತಾಸಿನ್ಯಾಗ ಮ್ಯಾಲಿನ ಓಣ್ಯಾಗ ನಮ್ಮ ಮಂದಿ ಮನ್ಯಾಗ ಕುಂತು ಚಹಾ ಕುಡದೆ.”

“ಗೊತ್ತೈತ್ರಿ” ಅಂದಳು. “ಅವತ್ತ ಸಂಜೀಕೇ ಗೊತ್ತಾಗಿತ್ತು. ಊರು ಇಷ್ಟ ಸಣ್ಣದ ಐತಿ.”

ಇಪ್ಪತ್ತೇಳು ವರ್ಷ. ನಾನು ಬಚ್ಚಿಟ್ಟದ್ದನ್ನು ಮೊದಲ ದಿನದಿಂದ ತಿಳಿದಿದ್ದೂ ಆಕೆ ನಾಲ್ಕು ಚಮಚ ಸಕ್ಕರೆ ಹಾಕಿದ್ದಳು. “ಮತ್ತ ಯಾಕ ಏನೂ ಅನ್ನಲಿಲ್ಲ?” ಎಂದು ಕೇಳಿದೆ.

“ಮುಂದಿನ ಸಲ ನೀವ ಬಂದು ಕೇಳಿ ಕುಡದ್ರಿ. ಕೇಳಿ ಕುಡದವರ ಮುಂದ ಹಳೇದ ಏನ ತೆಗೀಲಿ?”

ಡಬ್ಬಿ ಮುಚ್ಚಿ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ಕಪ್ಪು ಹಿಡಿದು ಬಂದಳು. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಹಿಡಿದು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲೇ ಕೂತಳು. ಅಷ್ಟು ವರ್ಷದಲ್ಲಿ ಆಕೆ ನನ್ನ ಜೊತೆ ಕೂತು ಕುಡಿದದ್ದು ಅದೇ ಮೊದಲು. “ಇದು ನಾ ಕುಡಿಯೂ ಚಹಾ. ಸಕ್ಕರಿಲ್ಲ, ಬೆಲ್ಲಿಲ್ಲ. ಇದಕ್ಕ ಬ್ಯಾಡ ಅನಬ್ಯಾಡ್ರಿ” ಅಂದಳು.

ಒಂದು ಗುಟುಕು ಕುಡಿದೆ. ಬರೀ ಕಹಿ, ಒಗರು.

“ಹೆಂಗೈತ್ರಿ?”

“ಕುಡಿಯಾಕ ಆಗವಲ್ದು ಯಕ್ಕಾ” ಅಂದೆ, ಇದ್ದದ್ದನ್ನು ಇದ್ದ ಹಾಗೆ.

ಆಕೆ ನಕ್ಕಳು. “ರೂಢಿ ಆಗ್ತೈತಿ. ನನಗ ಆರ ತಿಂಗಳ ಹಿಡೀತು.”

ನಾನು ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಆಕೆಯ ಮುಖ ನೋಡಿದೆ. ಅಷ್ಟು ಹತ್ತಿರದಿಂದ ಚೆನ್ನಾಗಿ ಕಾಣುತ್ತಿತ್ತು. ಕಪ್ಪಿನಲ್ಲಿದ್ದುದನ್ನು ಪೂರ್ತಿ ಕುಡಿದು, ನಾಲ್ಕೂವರೆಯ ಬಸ್ಸಿಗೆ ಎದ್ದೆ.